ಕಹಿ ಕಿತ್ತಳೆಯ ಕಂಪು

ಸ್ಪೇನಿನ ಸೆವಿಲ್ ನಗರದ ಬೀದಿಬೀದಿಯಲ್ಲೂ ಕಿತ್ತಳೆ ಮರಗಳಿವೆ. ಹಣ್ಣು ಗೊಂಚಲುಗೊಂಚಲಾಗಿ ತೂಗುತ್ತಿದ್ದರೂ ಯಾರೂ ಕಿತ್ತು ತಿನ್ನುವುದಿಲ್ಲ. ಅದು ವಿಪರೀತ ಹುಳಿ, ಮೇಲೆ ಕಹಿ. ಬ್ರಿಟನ್ನಿನವರ ಮಾರ್ಮಲೇಡಿಗೆ ಬೇಕಾದದ್ದು ಇದೇ ಹಣ್ಣು. ವಸಂತದಲ್ಲಿ ಮರ ಹೂಬಿಟ್ಟರೆ ಊರಿಗೆ ಊರೇ ಘಮಘಮಿಸುತ್ತದೆ.

ಈ ಕಹಿ ಕಿತ್ತಳೆಯ ಒಂದೇ ಮರದಿಂದ ಮೂರು ಬಗೆಯ ಸುಗಂಧ ತೈಲ ಸಿಗುತ್ತದೆ. ಹೂವನ್ನು ಹಬೆಯಲ್ಲಿ ಬಟ್ಟಿಯಿಳಿಸಿದರೆ ನೆರೋಲಿ, ಎಲೆ ಮತ್ತು ಎಳೆ ಕಡ್ಡಿಗಳಿಂದ ಪೆಟಿಗ್ರೇನ್, ಸಿಪ್ಪೆ ಹಿಂಡಿದರೆ ಕಿತ್ತಳೆ ಎಣ್ಣೆ. ಒಂದು ಕಿಲೋ ನೆರೋಲಿಗೆ ಹೆಚ್ಚುಕಡಿಮೆ ಒಂದು ಟನ್ ಹೂವು ಬೇಕು. ಹೂವನ್ನು ಕೈಯಿಂದಲೇ ಬಿಡಿಸಬೇಕು. ಅದರ ಬೆಲೆ ಅಷ್ಟೇಕೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಟುನೀಷಿಯದ ನಾಬುಲ್‌ನಲ್ಲಿ ವಸಂತ ಬಂತೆಂದರೆ ಮನೆಮನೆಗಳಲ್ಲಿ ಈ ಹೂವಿನ ನೀರನ್ನು ಇಳಿಸಿ, ಸಿಹಿತಿಂಡಿಗೆಂದು ವರ್ಷವಿಡೀ ಕಾದಿಡುತ್ತಾರೆ.

ಹೂವು, ಹಣ್ಣು ಎರಡನ್ನೂ ಒಟ್ಟಿಗೇ ಹೊರಬಲ್ಲ ಈ ಮರ ಯುರೋಪಿನವರಿಗೆ ಸಂತಾನಭಾಗ್ಯದ ಗುರುತಾಯಿತು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ ಮುಡಿದು ಹಸೆಮಣೆಗೆ ಬಂದಳು. ಮದುಮಗಳಿಗೆ ಆ ಹೂವು ಬೇಕೆಂಬ ಹಂಬಲ ಮತ್ತಷ್ಟು ಹಬ್ಬಿತು. ಪಶ್ಚಿಮದ ಮಾಟಮಂತ್ರದ ಪುಸ್ತಕಗಳಲ್ಲಿ ಒಂದು ಶಕುನವೂ ಉಂಟು: ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಹಣ್ಣು ತಿಂದು ಬೀಜ ಎಣಿಸಬೇಕು. ಬೆಸ ಬಂದರೆ ಹೌದು, ಸರಿ ಬಂದರೆ ಇಲ್ಲ. ಚೀನೀಯರಂತೂ ಹೊಸ ವರ್ಷಕ್ಕೆ ಕಿತ್ತಳೆ ಜಾತಿಯ ಹಣ್ಣು ಕೊಟ್ಟು ಅದೃಷ್ಟ ಹಾರೈಸುತ್ತಾರೆ.

ಶಕುನ ನಂಬಿಕೆಯ ಮಾತು. ಪರಿಮಳದ್ದು ಹಾಗಲ್ಲ, ಅದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಹಲ್ಲಿನ ಚಿಕಿತ್ಸೆಗೆ ಕಾಯುತ್ತಿದ್ದವರ ಕೋಣೆಯಲ್ಲಿ ಕಿತ್ತಳೆಯ ಪರಿಮಳ ಹರಡಿದಾಗ ಹೆಂಗಸರ ಆತಂಕ ಕಡಿಮೆಯಾಗಿತ್ತು ಎಂದು 2000ದಲ್ಲಿ ಆಸ್ಟ್ರಿಯದ ಸಂಶೋಧಕರು ಪ್ರಕಟಿಸಿದರು. ಚಿಕ್ಕ ಅಧ್ಯಯನವದು, ಕಾಯಿಲೆ ವಾಸಿಯಾಗುತ್ತದೆಂದು ಹೇಳಲು ಸಾಲದು. ಕಹಿ ಕಿತ್ತಳೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು, ಎಚ್ಚರವಿರಲಿ.

ತೋಟದಲ್ಲಿ ಈ ಮರದ ದುಡಿಮೆ ನೆಲದ ಕೆಳಗೆ. ಬುಡ ಕೊಳೆಯುವ ರೋಗವನ್ನು ತಾಳಿಕೊಳ್ಳುವ ಗುಣದಿಂದಾಗಿ ಸಿಹಿ ಕಿತ್ತಳೆಯನ್ನು ಇದರ ಸಸಿಗೇ ಕಸಿ ಕಟ್ಟುತ್ತಿದ್ದರು. ಆದರೆ ಗಿಡಹೇನು ಹರಡುವ ಟ್ರಿಸ್ಟೆಜಾ ವೈರಸ್ಸಿಗೆ ಈ ಜೋಡಿ ತುತ್ತಾಯಿತು. 1930–40ರ ದಶಕಗಳಲ್ಲಿ ಬ್ರೆಜಿಲ್‌ನಲ್ಲಿ ಲಕ್ಷಾಂತರ ಮರಗಳು ಸತ್ತವು. ಅನೇಕ ದೇಶಗಳ ಬೆಳೆಗಾರರು ಬೇರೆ ಬುಡಗಳನ್ನು ಹುಡುಕಿಕೊಂಡರು.

ಮನೆಯಲ್ಲಿ ಕಸಿ ಕಿತ್ತಳೆ ಬೆಳೆಸುವವರು ಕುಂಡದಲ್ಲಿ ನೀರು ನಿಲ್ಲಗೊಡಬಾರದು, ಕಸಿಯ ಗಂಟು ಮಣ್ಣಿನಲ್ಲಿ ಹೂಳದಂತೆ ನೋಡಿಕೊಳ್ಳಬೇಕು. ಗಂಟಿನ ಕೆಳಗೆ ಚಿಗುರು ಕಂಡರೆ ಕೂಡಲೇ ಮುರಿದುಹಾಕಿ. ಬಿಟ್ಟರೆ ಅದೇ ಬಲಿತು ಮೇಲಿನ ಸಿಹಿ ಕೊಂಬೆಗಳನ್ನು ಸೊರಗಿಸುತ್ತದೆ.