ಗಡಿಯ ಸುದ್ದಿ ಊರಿಗೆ ಮುಟ್ಟಿಸುವವರು

ವರದಾ ನದಿ ದಂಡೆಯ ಹೊಸರಿತ್ತಿಯಿಂದ ಕುಂದಗೋಳ ತಾಲ್ಲೂಕಿನ ಬೆಟದೂರು ಬಹಳ ದೂರವೇನಲ್ಲ. 2016ರ ಫೆಬ್ರುವರಿಯಲ್ಲಿ ಈ ಸೀಮೆಯ ಊರೂರಲ್ಲೂ ಸಿಯಾಚಿನ್‌ನದೇ ಮಾತು. ಫೆ. 3ರಂದು ಅಲ್ಲಿ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದು ಮರುದಿನವೇ ಸೇನೆ ಹೇಳಿತು, ಪ್ರಧಾನಿ ಸಂತಾಪವನ್ನೂ ಸೂಚಿಸಿದರು. ಫೆ. 8ರಂದು ನೋಡಿದರೆ ಹನುಮಂತಪ್ಪ ಜೀವಂತ ಸಿಕ್ಕರು.

ದೆಹಲಿಯ ಸೇನಾ ಆಸ್ಪತ್ರೆಗೆ ತಂದ ಮೇಲೆ ಹೊರಬಿದ್ದ ಬುಲೆಟಿನ್ ಹೇಳಿದ್ದಿಷ್ಟು: ಕೋಮಾದಲ್ಲಿದ್ದಾರೆ, ರಕ್ತದೊತ್ತಡ ಕುಸಿದಿದೆ, ನ್ಯುಮೋನಿಯಾ ಇದೆ, ಲಿವರ್ ಮತ್ತು ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಚಳಿಗೆ ಕೈಕಾಲು ಮರಗಟ್ಟಿಲ್ಲ, ಮೂಳೆ ಮುರಿದಿಲ್ಲ, ಮುಂದಿನ 24ರಿಂದ 48 ಗಂಟೆ ನಿರ್ಣಾಯಕ. ಆಸೆಗೆ ಕಾರಣವೂ ಅದರಲ್ಲಿತ್ತು, ಭಯಕ್ಕೆ ಕಾರಣವೂ ಇತ್ತು, ಎರಡನ್ನೂ ಮುಚ್ಚಿಟ್ಟಿರಲಿಲ್ಲ. ಫೆ. 11ರಂದು ಅವರು ತೀರಿಕೊಂಡರು. ಆ ಮೂರು ದಿನ ಬೆಟದೂರಿನ ಮನೆಯವರಿಗೆ ಯಾರೂ ಸುಳ್ಳು ಭರವಸೆ ಕೊಡಲಿಲ್ಲ ಎಂಬುದನ್ನು ನಾನು ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ.

ಇಂಥ ಮಾತುಗಳನ್ನು ತೂಗಿ ಹೊರಬಿಡುವುದೇ ವೃತ್ತಿಯಾದವರು ಸೇನೆಯ ಸಾರ್ವಜನಿಕ ಸಂಪರ್ಕಾಧಿಕಾರಿಗಳು. ಪತ್ರಕರ್ತರ ಬಾಯಲ್ಲಿ ‘ಡಿಫೆನ್ಸ್ ಪಿಆರ್‌ಒ’. ರಕ್ಷಣಾ ಸಚಿವಾಲಯಕ್ಕೆ ಇದಕ್ಕೆಂದೇ ಸಾರ್ವಜನಿಕ ಸಂಪರ್ಕ ನಿರ್ದೇಶನಾಲಯವಿದೆ. ಅದರ ಒಂದು ಕಚೇರಿ ಬೆಂಗಳೂರಿನಲ್ಲಿದೆ. ಸಮವಸ್ತ್ರದ ಅಧಿಕಾರಿಗಳೂ ಯುಪಿಎಸ್‌ಸಿ ಮೂಲಕ ಬರುವ ಭಾರತೀಯ ಮಾಹಿತಿ ಸೇವೆಯವರೂ ಇಲ್ಲಿ ಒಟ್ಟಿಗೆ ದುಡಿಯುತ್ತಾರೆ. ಯಲಹಂಕದ ಏರೋ ಇಂಡಿಯಾ ಬಂದರೆ ಬಿಡುವಿಲ್ಲ. ಉಳಿದಂತೆ ಪ್ರೆಸ್ ನೋಟ್, ಫೋಟೊ, ಪತ್ರಕರ್ತರ ಫೋನು.

ಕಷ್ಟದ ಕೆಲಸ ಶುರುವಾಗುವುದು ಸಾವಿನ ಸುದ್ದಿ ಬಂದಾಗ. ಹೆಸರು ಮೊದಲು ಮನೆಗೆ ಮುಟ್ಟಬೇಕು, ಆಮೇಲೆ ಮಾಧ್ಯಮಕ್ಕೆ. ಯುನಿಟ್‌ನವರು ಮನೆಯವರೊಂದಿಗೆ ಮಾತಾಡುವ ತನಕ ಪಿಆರ್‌ಒ ಎಷ್ಟೇ ಒತ್ತಡ ಬಂದರೂ ತಡೆಯಬೇಕು. ವಾಟ್ಸ್‌ಆ್ಯಪ್ ಬಂದ ಮೇಲೆ ಈ ತಡೆಯುವ ಅವಧಿ ನಿಮಿಷಗಳಿಗೆ ಇಳಿದಿದೆ. ಟಿವಿಯ ಕೆಳಪಟ್ಟಿಯಲ್ಲಿ ಮಗನ ಹೆಸರು ಓದಿ ಸಾವು ತಿಳಿಯುವ ಸ್ಥಿತಿ ಯಾವ ತಾಯಿಗೂ ಬರಬಾರದು.

ಈ ವ್ಯವಸ್ಥೆಯ ಬೇರು ಹಳೆಯದು. 1909ರ ಜನವರಿ 2ರಂದು ಬ್ರಿಟಿಷ್ ಆಡಳಿತದ ಸೇನೆ ‘ಫೌಜಿ ಅಖ್ಬಾರ್’ ಪತ್ರಿಕೆ ಆರಂಭಿಸಿತು. ಸಿಪಾಯಿಗಳಿಗೆ ಸರ್ಕಾರದ ಮಾತು ತಲುಪಿಸುವುದು ಅದರ ಕೆಲಸ. ಆ ಸರ್ಕಾರದ ಮಾತಿಗೆ ಈ ಭಾಗದಲ್ಲಿ ಎಷ್ಟು ಬೆಲೆ ಉಳಿದಿತ್ತೆಂಬುದಕ್ಕೆ ಹೊಸರಿತ್ತಿಯೇ ಸಾಕ್ಷಿ. ಎರಡನೇ ಮಹಾಯುದ್ಧದ ನಡುವೆ, ಪತ್ರಿಕೆಗಳ ಮೇಲೆ ಭಾರತ ರಕ್ಷಣಾ ನಿಯಮಗಳ ಬಿಗಿ ಇದ್ದ ಕಾಲದಲ್ಲಿ, 1943ರ ಏಪ್ರಿಲ್ 1ರಂದು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ, ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಅವರು ಬಂದಿದ್ದರು. ಅಂಥ ಆಳ್ವಿಕೆ ಎಷ್ಟು ಪತ್ರಿಕೆ ಅಚ್ಚು ಹಾಕಿಸಿದರೂ ಜನರ ನಂಬಿಕೆ ಗಳಿಸಲಾರದು. ಸ್ವಾತಂತ್ರ್ಯಾನಂತರ, 1954ರಲ್ಲಿ, ‘ಫೌಜಿ ಅಖ್ಬಾರ್’ ಹೋಗಿ ‘ಸೈನಿಕ ಸಮಾಚಾರ’ವಾಯಿತು. ಮುಂದೆ ಅದು 13 ಭಾಷೆಗಳಿಗೆ ಹಬ್ಬಿತು, ಕನ್ನಡಕ್ಕೂ ಬಂತು.

1999ರ ಕಾರ್ಗಿಲ್ ಯುದ್ಧ ಈ ವೃತ್ತಿಯ ರೂಪವನ್ನೇ ಬದಲಿಸಿತು. ಟಿವಿ ಮೂಲಕ ಮನೆಮನೆಗೆ ಬಂದ ಭಾರತದ ಮೊದಲ ಯುದ್ಧ ಅದು. ದೆಹಲಿಯಲ್ಲಿ ದಿನವೂ ಬ್ರೀಫಿಂಗ್ ನಡೆಯಿತು. ಸೇನೆಯ ಪರವಾಗಿ ಮಾತಾಡಿದ ಕರ್ನಲ್ ಬಿಕ್ರಮ್ ಸಿಂಗ್ ಮುಂದೆ ಸೇನಾ ಮುಖ್ಯಸ್ಥರೇ ಆದರು. 2008ರ ಮುಂಬೈ ದಾಳಿಯ ನೇರ ಪ್ರಸಾರ ಇನ್ನೊಂದು ಪಾಠ ಕಲಿಸಿತು: ಕಮಾಂಡೊಗಳ ಚಲನವಲನ ಪರದೆಯ ಮೇಲೆ ಬಂದರೆ ಒಳಗಿರುವ ಉಗ್ರರಿಗೂ ಕಾಣುತ್ತದೆ. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಮಾಡುವಂತಿಲ್ಲ, ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರ ಮಾತ್ರ ಎಂಬ ನಿಯಮ ಈಗ ಕೇಬಲ್ ಟಿವಿಗಿದೆ.

ಇತ್ತೀಚೆಗೆ ‘ಕಾರ್ಯತಂತ್ರ ಸಂವಹನ’ ಎಂಬ ಮಾತು ಸೇರಿಕೊಂಡಿದೆ. ಭೂಸೇನೆಯಲ್ಲಿ ಅದಕ್ಕೊಂದು ಪ್ರತ್ಯೇಕ ಹುದ್ದೆಯೂ ಇದೆ. ಶತ್ರುವಿನ ಅಪಪ್ರಚಾರಕ್ಕೆ ಉತ್ತರ ಕೊಡುವುದು, ನಮ್ಮ ನಿಲುವನ್ನು ಜಗತ್ತಿಗೆ ತಿಳಿಸುವುದು ಇದರ ಗುರಿ. ಅದು ಬೇಕೇಬೇಕು. ಆದರೆ ಶತ್ರುವನ್ನು ಗಲಿಬಿಲಿಗೊಳಿಸುವ ಮಾತು ನಮ್ಮ ಜನರಿಗೆ ಹೇಳುವ ಸುದ್ದಿಯೊಳಗೆ ಬೆರೆಯಬಾರದು. 2025ರ ಮೇ 7ರಂದು ‘ಆಪರೇಷನ್ ಸಿಂಧೂರ’ದ ವಿವರ ಕೊಡಲು ವಿದೇಶಾಂಗ ಕಾರ್ಯದರ್ಶಿಯೊಂದಿಗೆ ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಕುಳಿತಾಗ ಅವರ ಬಳಿ ಗುರಿ ಇಟ್ಟ ಜಾಗ, ಸಮಯ, ದೃಶ್ಯಗಳಿದ್ದವು. ಅದೇ ದಿನಗಳಲ್ಲಿ ಕೆಲವು ವಾಹಿನಿಗಳು ಕರಾಚಿ ಬಂದರನ್ನೇ ನಾಶ ಮಾಡಿದ್ದವು! ಬೆಳಗಾವಿ ಜಿಲ್ಲೆಯ ಸೊಸೆಯಾದ ಸೋಫಿಯಾ ಅವರ ಮನೆ ಮೇಲೆ ದಾಳಿಯಾಗಿದೆ ಎಂಬ ಸುಳ್ಳೂ ಹರಿದಾಡಿ, ಬೆಳಗಾವಿ ಪೊಲೀಸರು ಅದನ್ನು ಅಲ್ಲಗಳೆಯಬೇಕಾಯಿತು.

ಹಾವೇರಿ, ಧಾರವಾಡದ ಪದವೀಧರರು ಈ ಕೆಲಸದತ್ತ ಹೆಚ್ಚು ನೋಡಬೇಕೆಂಬುದು ನನ್ನ ಆಸೆ. ಸೇನಾಧಿಕಾರಿಗಳಿಗೆ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಮಾಧ್ಯಮ ತರಬೇತಿ ಇದೆ; ಪತ್ರಕರ್ತರಿಗೆ ನಿರ್ದೇಶನಾಲಯವೇ ರಕ್ಷಣಾ ವರದಿಗಾರಿಕೆಯ ಕೋರ್ಸ್ ನಡೆಸುತ್ತದೆ. ಅಲ್ಲಿ ಕಲಿತವರು ಪ್ರೆಸ್ ನೋಟನ್ನು ಕನ್ನಡದಲ್ಲೇ ಯೋಚಿಸಿ ಬರೆಯುವಂತಾಗಲಿ, ಇಂಗ್ಲಿಷಿನದು ಹೊರಬಿದ್ದ ಗಳಿಗೆಯಲ್ಲೇ ಅದೂ ಹೊರಬೀಳಲಿ. ಬೆಟದೂರಿನಂಥ ಊರಿನ ಮನೆಯವರು ಮಗನ ಸ್ಥಿತಿ ತಿಳಿಯಲು ಇನ್ನೊಬ್ಬರ ಅನುವಾದಕ್ಕೆ ಕಾಯುವಂತಾಗಬಾರದು.