ಒಣಕಾಡಿನ ಬೆಂಕಿ ಮತ್ತು ಅರಣ್ಯ ಇಲಾಖೆ

ಕರ್ನಾಟಕದ ಭೂಪ್ರದೇಶದಲ್ಲಿ ಸುಮಾರು ಐದರಲ್ಲೊಂದು ಪಾಲು ಸರ್ಕಾರಿ ದಾಖಲೆಗಳಲ್ಲಿ ಅರಣ್ಯವೆಂದು ನಮೂದಾಗಿದ್ದು, ಮೈಸೂರು ಸಂಸ್ಥಾನದಲ್ಲಿ 1864ರಷ್ಟು ಹಿಂದೆಯೇ ಸ್ಥಾಪನೆಯಾದ ಇಲಾಖೆಯ ಉತ್ತರಾಧಿಕಾರಿಯಾದ ರಾಜ್ಯ ಅರಣ್ಯ ಇಲಾಖೆ ಅದರ ಉಸ್ತುವಾರಿಯನ್ನು ಹೊತ್ತಿದೆ. ಈ ಆಡಳಿತ ವೃತ್ತ, ವಿಭಾಗ, ಉಪವಿಭಾಗ, ವಲಯ, ಶಾಖೆ ಎಂದು ಹಂತಹಂತವಾಗಿ ಇಳಿಯುತ್ತ ಬಂದು ‘ಗಸ್ತು’ ಎಂಬಲ್ಲಿಗೆ ನಿಲ್ಲುತ್ತದೆ. ಒಬ್ಬ ಅರಣ್ಯ ರಕ್ಷಕ ಕಾಲ್ನಡಿಗೆಯಲ್ಲಿ ತಿರುಗಿ ಕಾಯಬೇಕಾದ ಪ್ರದೇಶವೇ ಗಸ್ತು. ಮರಗಳ್ಳತನ, ಒತ್ತುವರಿ, ಬೇಟೆ ಇವೆಲ್ಲ ಆಗಾಗ ಸುದ್ದಿಯಾಗುತ್ತವೆಯಾದರೂ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರ ಬೆಟ್ಟಗಳಂಥ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆ ಮುಗಿಯುವವರೆಗೆ ಇಲಾಖೆಯ ನಿದ್ದೆಗೆಡಿಸುವುದು ಬೆಂಕಿ.

ಈ ಕಾಡುಗಳ ಸ್ವಭಾವವೇ ಬೆಂಕಿಗೆ ಅನುವು ಮಾಡಿಕೊಡುವಂಥದ್ದು. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ವರ್ಷ ಕಳೆಯುವಷ್ಟರಲ್ಲಿ ಒಣಗತೊಡಗುತ್ತದೆ. ನೀರಿನ ಅಭಾವದ ತಿಂಗಳುಗಳಲ್ಲಿ ಎಲೆಗಳ ಮೂಲಕ ತೇವ ಆರಿಹೋಗದಿರಲೆಂದು ತೇಗ, ದಿಂಡಿಗ, ಮತ್ತಿ ಮುಂತಾದ ಮರಗಳು ಎಲೆ ಉದುರಿಸುತ್ತವೆ. ಹೀಗೆ ಫೆಬ್ರುವರಿಯ ಹೊತ್ತಿಗೆ ಹುಲ್ಲೂ ತರಗೂ ಸೇರಿ ನೆಲದ ತುಂಬ ಉರುವಲು ಹಾಸಿಕೊಂಡಿರುತ್ತದೆ. ಬಿದಿರ ಮೆಳೆಗಳು ಪರಸ್ಪರ ತಿಕ್ಕಾಡಿ ಕಾಡ್ಗಿಚ್ಚು ಹುಟ್ಟುತ್ತದೆ ಎಂಬ ಮಾತು ಒಂದು ಬರಹದಿಂದ ಇನ್ನೊಂದಕ್ಕೆ ಹರಿದುಬರುತ್ತಲೇ ಇದೆ, ಸಿಡಿಲೂ ಕಾರಣವಿರಬಹುದೆಂದು ಹೇಳುವವರಿದ್ದಾರೆ. ಆದರೆ ಇಲ್ಲಿ ಸಿಡಿಲು ಸಾಮಾನ್ಯವಾಗಿ ಮಳೆಯ ಜೊತೆಗೇ ಬರುವುದರಿಂದ ಅದು ಹೊತ್ತಿಸಿದ್ದನ್ನು ಆ ಮಳೆಯೇ ನಂದಿಸುತ್ತದೆ, ಹೆಚ್ಚಿನ ಪ್ರಕರಣಗಳ ಮೂಲ ಹುಡುಕಿದರೆ ಕೊನೆಗೆ ಸಿಕ್ಕುವುದು ಮನುಷ್ಯನ ಕೈಯ ಬೆಂಕಿಕಡ್ಡಿಯೇ. ದನಗಳಿಗೆ ಎಳೆಹುಲ್ಲು ಚಿಗುರಲೆಂಬ ಆಸೆ, ಸೇದಿ ಎಸೆದ ಬೀಡಿ, ಇಲಾಖೆಯ ಮೇಲಿನ ಸಿಟ್ಟು, ಹೀಗೆ ಕಡ್ಡಿ ಗೀರುವುದಕ್ಕೆ ಕಾರಣಗಳು ಹಲವು.

ಇದಕ್ಕೆ ಇಲಾಖೆಯ ಹಳೆಯ ಹಾಗೂ ಮುಖ್ಯ ಉತ್ತರ ಬೆಂಕಿ ರೇಖೆ. ಉರುವಲು, ಶಾಖ, ಆಮ್ಲಜನಕ ಎಂಬ ಮೂರರಲ್ಲಿ ಯಾವುದಾದರೂ ಒಂದು ಇಲ್ಲವಾದರೆ ಬೆಂಕಿ ನಿಲ್ಲುತ್ತದೆ. ತೆರೆದ ಕಾಡಿನಲ್ಲಿ ಮನುಷ್ಯನ ಹಿಡಿತಕ್ಕೆ ಸಿಗುವುದು ಉರುವಲು ಮಾತ್ರವಾದ್ದರಿಂದ, ಅದನ್ನು ಮುಂಚಿತವಾಗಿಯೇ ತೆಗೆದು ಬರಿನೆಲದ ಪಟ್ಟಿಯೊಂದನ್ನು ಸಿದ್ಧಪಡಿಸುವುದೇ ಈ ಕ್ರಮದ ತಿರುಳು. ಮಳೆ ನಿಂತ ಮೇಲೆ ರಸ್ತೆಗಳ ಇಕ್ಕೆಲಗಳಲ್ಲೂ ಕಾಡಿನ ಗಡಿಗುಂಟವೂ ಹುಲ್ಲು, ಪೊದೆಗಳನ್ನು ಸವರಿ ಒಣಗಲು ಬಿಡುತ್ತಾರೆ. ಸುತ್ತಲಿನ ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗಲೇ, ಗಾಳಿ ತಗ್ಗಿದ ಹೊತ್ತು ನೋಡಿ, ಸವರಿದ ಪಟ್ಟಿಗೆ ತಾವೇ ಬೆಂಕಿ ಕೊಡುತ್ತಾರೆ. ಕಿಡಿ ಆಚೆ ಹಾರಿದರೆ ಹಸಿಸೊಪ್ಪಿನ ಟೊಂಗೆಗಳಿಂದ ಬಡಿದು ಆರಿಸಲು ಬದಿಯಲ್ಲಿ ಜನ ನಿಂತಿರುತ್ತಾರೆ, ಈಚೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಯಂತ್ರಗಳೂ ಬಂದಿವೆ. ಈ ಕೆಲಸದಲ್ಲಿ ಎಲ್ಲವೂ ಹದದ ಪ್ರಶ್ನೆ. ಬೇಗ ಕೈಹಾಕಿದರೆ ಸವರಿದ್ದು ಉರಿಯುವುದಿಲ್ಲ ಅಥವಾ ಹುಲ್ಲು ಮತ್ತೆ ಚಿಗುರುತ್ತದೆ, ತಡವಾದರೆ ಪಟ್ಟಿಗೆ ಕೊಟ್ಟ ಬೆಂಕಿಯೇ ಕಾಡಿಗೆ ನುಗ್ಗುತ್ತದೆ. ಅನುದಾನವೂ ಕೂಲಿಯೂ ಡಿಸೆಂಬರಿನೊಳಗೆ ವಲಯ ಕಚೇರಿಗೆ ತಲುಪದಿದ್ದರೆ ಆಮೇಲೆ ಎಷ್ಟು ಹಣ ಬಂದರೂ ಪ್ರಯೋಜನ ಕಡಿಮೆ ಎಂಬುದು ಕಡತ ನೋಡುವವರಿಗಿಂತ ಕಾಡಿನಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು.

ರೇಖೆಯನ್ನು ದಾಟಿದ ಬೆಂಕಿ ಎಂಥದೆಂಬುದನ್ನು ಬಂಡೀಪುರ ಎರಡು ಬಾರಿ ಕಂಡಿದೆ. 2017ರ ಫೆಬ್ರುವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿಯಲ್ಲಿ ಹಲವು ದಿನ ಉರಿದ ಕಿಚ್ಚು ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಗುಡ್ಡದ ಏರಿನಲ್ಲಿ ಬೆಂಕಿಯ ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿ ಅದನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ, ಸಮತಟ್ಟು ನೆಲಕ್ಕಿಂತ ಅಲ್ಲಿ ಬೆಂಕಿ ಬಹಳ ವೇಗವಾಗಿ ಸಾಗುತ್ತದೆ, ಓಡಿ ಪಾರಾಗುವುದೂ ಕಷ್ಟವಾಗುತ್ತದೆ.

ಬೆಂಕಿ ಬೇಗ ಗೊತ್ತಾಗಲೆಂದು ಈಗ ಉಪಗ್ರಹಗಳ ನೆರವು ಪಡೆಯಲಾಗುತ್ತಿದೆ. ಉರಿಯುವ ವಸ್ತು ಸುಮಾರು 4 ಮೈಕ್ರೋಮೀಟರ್ ತರಂಗಾಂತರದ, ಅಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ನಾಲ್ಕರಷ್ಟು ಅಲೆಯುದ್ದದ, ಅವಕೆಂಪು ಕಿರಣಗಳನ್ನು ಹೇರಳವಾಗಿ ಸೂಸುತ್ತದೆ; ಸಾಮಾನ್ಯ ನೆಲದ ಶಾಖ ಎದ್ದು ಕಾಣುವುದು 11 ಮೈಕ್ರೋಮೀಟರಿನ ಆಸುಪಾಸಿನಲ್ಲಿ. ಇವೆರಡನ್ನೂ ಹೋಲಿಸಿ ಬೆಂಕಿಯ ಜಾಗವನ್ನು ಪತ್ತೆಹಚ್ಚುವ ಮೋಡಿಸ್ ಮತ್ತು ವಿಯರ್ಸ್ ಎಂಬ ಸಂವೇದಕಗಳ ಮಾಹಿತಿಯನ್ನು ಆಧರಿಸಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಸಿಬ್ಬಂದಿಯ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಆದರೆ ಈ ಉಪಗ್ರಹಗಳು ಒಂದು ಸ್ಥಳದ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗುವುದರಿಂದ, ಕಾವಲುಗೋಪುರದಲ್ಲಿ ಕುಳಿತ ಹಂಗಾಮಿ ಬೆಂಕಿ ವಾಚರನ ಕಣ್ಣಿಗೆ ಅವು ಪರ್ಯಾಯವಾಗಲಾರವು.

ಇಷ್ಟೆಲ್ಲ ಶ್ರಮದ ಹಿಂದಿರುವ ನಂಬಿಕೆ, ಅಂದರೆ ಕಾಡಿನಲ್ಲಿ ಬೆಂಕಿ ಎಂದೂ ಕಾಣಿಸಿಕೊಳ್ಳಬಾರದೆಂಬ ನಂಬಿಕೆ, ಪ್ರಶ್ನಾತೀತವೇನಲ್ಲ. ಬಿಳಿಗಿರಿರಂಗನಬೆಟ್ಟದ ಆದಿವಾಸಿಗಳಾದ ಸೋಲಿಗರು ಚಳಿಗಾಲ ಮುಗಿಯುವ ವೇಳೆಗೆ, ತರಗು ಇನ್ನೂ ತೆಳುವಾಗಿದ್ದು ನೆಲದಲ್ಲಿ ತೇವವಿರುವಾಗ, ಅಲ್ಲಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು. ಅದು ಮೊಣಕಾಲೆತ್ತರ ಮೀರದೆ ಸರಿದುಹೋಗುವ ಬೆಂಕಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೆಯ ಕಲಮು ಅಭಯಾರಣ್ಯದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸಿದೆ. ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಎಂಬ ಕಳೆಪೊದೆ ಹಬ್ಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬದನಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅಲ್ಲಿಯ ಕಾಡಿನಲ್ಲಿ ಗುರುತುಮಾಡಿದ ತಾಕುಗಳನ್ನು 1997ರಲ್ಲೂ 2008ರಲ್ಲೂ ಅಳೆದ ಸಂಶೋಧಕರು, ಲಂಟಾನ ಕಾಣಿಸಿಕೊಂಡ ತಾಕುಗಳ ಪ್ರಮಾಣ ಸುಮಾರು ದುಪ್ಪಟ್ಟಾದದ್ದನ್ನು ಕಂಡರು. ಲಂಟಾನ ಹುಲ್ಲಿಗಿಂತ ಎತ್ತರವಾಗಿ, ಕಡ್ಡಿಕಡ್ಡಿಯಾಗಿ ಬೆಳೆದು ಮರದ ಕೊಂಬೆಯವರೆಗೆ ಹತ್ತುವುದರಿಂದ ನೆಲದಲ್ಲೇ ಸರಿದುಹೋಗಬೇಕಾದ ಬೆಂಕಿಯನ್ನು ಮರದ ನೆತ್ತಿಗೆ ಒಯ್ಯುತ್ತದೆ.

ಹಾಗೆಂದು ಬೆಂಕಿ ನಿರುಪದ್ರವಿಯೆಂದೂ ಅಲ್ಲ. ಬಂಡೀಪುರಕ್ಕೆ ತಗುಲಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಿಂದ 50 ಹೆಕ್ಟೇರಿನ ತಾಕೊಂದರಲ್ಲಿ ಪ್ರತಿ ಮರವನ್ನೂ ಗುರುತಿಸಿ ಅಧ್ಯಯನ ನಡೆಸುತ್ತಿದ್ದು, ದಪ್ಪ ತೊಗಟೆಯ ದೊಡ್ಡ ಮರಗಳು ಬೆಂಕಿಯನ್ನು ತಾಳಿಕೊಂಡರೂ ಸಣ್ಣ ಗಿಡಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ ಎಂದು ಅದು ತೋರಿಸಿದೆ. ಮೇಲಾಗಿ ಬಲಿತ ಲಂಟಾನ ಸುಟ್ಟರೂ ಬುಡದಿಂದ ಮತ್ತೆ ಚಿಗುರುವುದರಿಂದ, ಹಳೆಯ ಪದ್ಧತಿಯನ್ನು ಇದ್ದ ಹಾಗೆಯೇ ಮರಳಿ ತರುವುದು ಈಗ ಸಾಧ್ಯವಿಲ್ಲ. ಮೊದಲು ಅದರ ಬೇರನ್ನು ನೆಲಮಟ್ಟಕ್ಕಿಂತ ಕೆಳಗೆ ಕಡಿದು, ಗಿಡವನ್ನು ಬುಡಮೇಲಾಗಿ ಒಣಗಿಸಿ, ಆಮೇಲೆ ಕೆಲವು ವರ್ಷ ಮೊಳಕೆಗಳನ್ನು ಕೀಳುತ್ತಿರಬೇಕು. ಹಾಗೆ ತೆರವಾದ ಜಾಗಗಳಲ್ಲಿ, 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದ ಸೋಲಿಗರನ್ನೂ ಸೇರಿಸಿಕೊಂಡು, ಸಣ್ಣ ಪ್ರಮಾಣದಲ್ಲಿ ತರಗು ಬೆಂಕಿಯ ಪರೀಕ್ಷೆಗೆ ಇಲಾಖೆ ಮುಂದಾಗಬೇಕು. ಬೆಂಕಿ ಬಿದ್ದ ಎಕರೆಗಳ ಲೆಕ್ಕದಿಂದ ಮಾತ್ರ ಅಧಿಕಾರಿಯ ಯೋಗ್ಯತೆ ಅಳೆಯುವವರೆಗೆ ಅಂಥ ಧೈರ್ಯ ಯಾರಿಗೂ ಬರುವುದಿಲ್ಲ.

ಅಲ್ಲಿಯವರೆಗೆ ಬೇಸಿಗೆಯ ಬೆಂಕಿಯನ್ನು ಹುಟ್ಟಿದಲ್ಲೇ ತಡೆಯುವುದಕ್ಕೆ ಬದಲಿಲ್ಲ. ಕಾಡಂಚಿನ ರಸ್ತೆಯಲ್ಲಿ ಸಾಗುವವರು ಹೊಗೆ ಕಂಡರೆ ತಾವೇ ಒಳಗೆ ನುಗ್ಗದೆ, ಸಮೀಪದ ತನಿಖಾ ಠಾಣೆಗಾಗಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕಾಗಲಿ ಕೂಡಲೇ ತಿಳಿಸಬೇಕು.