ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಬೆಲೆ ಎಷ್ಟು?

ಹೋಟೆಲಿನ ಗಲ್ಲಾದಲ್ಲೋ ಮನೆಯ ಚಿಲ್ಲರೆ ಡಬ್ಬಿಯಲ್ಲೋ ಅಚ್ಚು ಪಕ್ಕಕ್ಕೆ ಜಾರಿದ ಒಂದು ರೂಪಾಯಿ ಸಿಕ್ಕಿತು ಅನ್ನಿ. ಮಾರಿದರೆ ಲಕ್ಷ ಬಂದೀತೇ?

ಮೊದಲು ಇಸವಿಯ ಕೆಳಗೆ ನೋಡಿ. ವಜ್ರಾಕಾರದ ಪುಟ್ಟ ಗುರುತಿದ್ದರೆ ಅದು ನಮ್ಮ ಮುಂಬಯಿ ಫೋರ್ಟಿನ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಾದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತಾದ್ದು. ಆದರೆ ಬೆಲೆ ಬರುವುದು ಈ ಗುರುತಿನಿಂದಲ್ಲ, ಟಂಕಸಾಲೆಯಲ್ಲೇ ಆದ ತಪ್ಪಿನಿಂದ. ಉದಾಹರಣೆಗೆ, ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡೇ ಉಳಿದರೆ, ಮುಂದಿನ ನಾಣ್ಯದ ಎರಡು ಬದಿಗೂ ಒಂದೇ ಚಿತ್ರ. ಒಂದು ಕಡೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ತಗ್ಗಾಗಿ ಮೂಡುತ್ತದೆ. ಸಂಗ್ರಾಹಕರು ಇದನ್ನು 'ಲಖೀ' ಎನ್ನುತ್ತಾರೆ. ಸುತ್ತಿಗೆಯ ಪೆಟ್ಟು, ಅರದ ಗೆರೆ, ಅಂಚಿನಲ್ಲಿ ಬೆಸುಗೆ ಕಂಡರೆ ಅದು ಯಾರೋ ಮಾಡಿದ ಕೈಚಳಕ!

ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಇಳಿಯುತ್ತದೆ.

ಜಾಹೀರಾತಿನಲ್ಲಿ ಕೇಳುವ ಬೆಲೆಯನ್ನು ನಂಬಬೇಡಿ. ಅಂಥದೇ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಎಂದು ವಿಚಾರಿಸಿ. ಎರಡು-ಮೂರು ನಾಣ್ಯ ವ್ಯಾಪಾರಿಗಳಿಗೆ ತೋರಿಸಿ. ಲಕ್ಷ ಮುಟ್ಟುವುದು ಬಲು ಅಪರೂಪ.

"ರಿಸರ್ವ್ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿದೆ.

ದುಡ್ಡು ಕೊಡಬೇಕಾದವರು ಕೊಳ್ಳುವವರು, ಮಾರುವ ನೀವಲ್ಲ. ಇಷ್ಟು ನೆನಪಿದ್ದರೆ ಸಾಕು.